ಮಧ್ಯದ ಸೀಟಿನ ಮಗು

ಸಪ್ಪಲಮ್ಮನಿಗೆ ಬೀಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದಿದ್ದರೆ, ಅವಳು ಅಂದವರ ಮನೆ ಬಾಗಿಲಿಗೇ ಹೋಗಿ ಜಗಳ ಆಡಿ ಬರುತ್ತಿದ್ದಳು. ಆದರೆ ಕಿಚ್ಚು ಇದ್ದದ್ದು ನಿಜ. ಮೊಮ್ಮಗಳು ಕೀರ್ತನ ಹುಟ್ಟಿದ ದಿನದಿಂದ, ಅಂದರೆ ಏಳು ವರ್ಷದಿಂದ, ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೇ ಉರಿಯುತ್ತಿತ್ತು.

ನ್ಯಾಯವಾಗಿ ನೋಡಿದರೆ ಸಪ್ಪಲಮ್ಮನದೇನೂ ತಪ್ಪಿಲ್ಲ. ದೊಡ್ಡಬಳ್ಳಾಪುರದ ಮನೆಯಲ್ಲಿ ಆ ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು ಅವಳು. ಹೇನು ತೆಗೆದವಳು ಅವಳು. ಶಾಲೆಯ ಡಬ್ಬಿಗೆ ಬೆಳಗಾಗೆದ್ದು ಚಿತ್ರಾನ್ನ ಕಲಸುವವಳು, ಜ್ವರ ಬಂದರೆ ಒದ್ದೆ ಬಟ್ಟೆ ಹಣೆಗೆ ಹಾಕಿ ಬೆಳಗಿನ ತನಕ ಕೂರುವವಳು ಅವಳು. ಸೊಸೆ ಅಕ್ಷತಳ ತಾಯಿ ವರಲಕ್ಷ್ಮಮ್ಮ ತ್ಯಾಮಗೊಂಡ್ಲಿನಿಂದ ವರ್ಷಕ್ಕೆ ನಾಲ್ಕು ಸಲ ಬರುತ್ತಾಳೆ. ಒಂದು ಚೀಲ ಎಳನೀರು, ಒಂದು ಡಬ್ಬ ಕೋಡುಬಳೆ, ಬಾಯಿ ತುಂಬ ಮಾತು. ಆಟೋ ಬಂದು ನಿಂತ ಸದ್ದಾದರೆ ಸಾಕು, ಅರ್ಧ ಹೆಣೆದ ಜಡೆಯನ್ನು ಸಪ್ಪಲಮ್ಮನ ಕೈಯಿಂದ ಕಿತ್ತುಕೊಂಡು ಮಗು ಬೀದಿಗೆ ಓಡುತ್ತದೆ. ದುಡಿಯುವ ಎತ್ತಿಗೆ ಹುಲ್ಲು, ಮೆರೆಯುವ ಬಸವನಿಗೆ ಬೆಲ್ಲ. ಹೀಗೆ ಅವಳು ಗಂಡನ ಹತ್ತಿರ ಎಷ್ಟೋ ಸಲ ಗೊಣಗಿದ್ದಳು. ಗಂಡ ನರಸಿಂಹಯ್ಯ ರಾಜಘಟ್ಟದ ತೋಟದಲ್ಲೇ ಇರುವ ಮನುಷ್ಯ, "ಮಗೂಗೆ ಇಬ್ರೂ ಬೇಕು ಕಣೇ" ಅಂದು ದ್ರಾಕ್ಷಿ ಚಪ್ಪರದ ಕೆಳಗೆ ಹೋಗಿಬಿಡುತ್ತಿದ್ದ.

ಅಪರೆಲ್ ಪಾರ್ಕಿನಲ್ಲಿ ಸೂಪರ್‌ವೈಸರ್ ಆಗಿದ್ದ ಮಗ ನಂದೀಶ್ ಕಾಶಿಗೆ ವಿಮಾನದಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಾಗ ಸಪ್ಪಲಮ್ಮ ಕುಣಿಯುವುದೊಂದು ಬಾಕಿ. ದಿನಾ ದೇವನಹಳ್ಳಿಯಿಂದ ಎದ್ದು ಹೋಗುವ ವಿಮಾನಗಳನ್ನು ಬಟ್ಟೆ ಒಣಹಾಕುವಾಗ ಕತ್ತೆತ್ತಿ ನೋಡಿದವಳು ತಾನು. ಆಮೇಲೆ ಅವನು, "ಅತ್ತೆನೂ ಬರ್ತಾರೆ" ಅಂದ. ನರಸಿಂಹಯ್ಯ ಹಸು ಈಯುವುದಿದೆ ಅಂತ ತಪ್ಪಿಸಿಕೊಂಡಿದ್ದ, ಅವನ ಟಿಕೆಟ್ಟಿಗೆ ಬೀಗಿತ್ತಿ. ಸಪ್ಪಲಮ್ಮ ಆ ರಾತ್ರಿ ಊಟ ಬಿಟ್ಟಳು. ಹೊಟ್ಟೆ ಸರಿಯಿಲ್ಲ ಅಂದಳು. ಅದೊಂದು ಮಾತು ನಿಜವೇ ಆಗಿತ್ತು.

ವರಲಕ್ಷ್ಮಮ್ಮನಿಗೆ ವಿಮಾನ ಹೊಸದಲ್ಲ. ಎರಡನೇ ಮಗಳ ಬಾಣಂತನಕ್ಕೆ ಪುಣೆಗೆ ಹೋಗಿ ಬಂದವಳು. ಏರ್‌ಪೋರ್ಟಿನಲ್ಲಿ ಕಾಲಿಟ್ಟ ಗಳಿಗೆಯಿಂದ ಆಕೆಯದೇ ಯಜಮಾನಿಕೆ. "ಬೀಗರೇ, ಚೀಲ ಆ ತಟ್ಟೇಲಿ ಇಡಿ. ಬೀಗರೇ, ಕೈ ಹಿಂಗೆ ಚಾಚಿ ನಿಂತ್ಕೊಳ್ಳಿ." ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು, ಅದೇ ಸಪ್ಪಲಮ್ಮನಿಗೆ ಮೈ ಉರಿ. ಕೊನೆಗೆ ತಪಾಸಣೆಯವರು ಸಪ್ಪಲಮ್ಮನ ಚೀಲ ಪಕ್ಕಕ್ಕೆಳೆದು, ಎಲೆಅಡಿಕೆ ಸಂಚಿಯೊಳಗಿಂದ ಅಡಕತ್ತರಿಯನ್ನು ಎತ್ತಿ ಹಿಡಿದರು. ಅವಳ ಅತ್ತೆ ಕೊಟ್ಟಿದ್ದ ಹಿತ್ತಾಳೆ ಹಿಡಿಯ ಅಡಕತ್ತರಿ. ಒಳಗೆ ಬಿಡುವುದಿಲ್ಲ ಅಂದರು. ನಂದೀಶ್ ಅವರನ್ನು ಕಾಡಿಬೇಡಿ, ಅದನ್ನು ಹೊರಗಿದ್ದ ಕಾರಿನ ಡ್ರೈವರಿಗೆ ಕೊಟ್ಟುಬರಲು ಓಡಿದ. ವರಲಕ್ಷ್ಮಮ್ಮ ತನ್ನ ಸಂಚಿ ಬಿಚ್ಚಿ, "ನಾನು ಮನೇಲೇ ಕತ್ತರಿಸ್ಕೊಂಡು ಬಂದಿದೀನಿ, ತಗೊಳ್ಳಿ" ಅಂತ ಸಣ್ಣಗೆ ಹೆಚ್ಚಿದ ಅಡಿಕೆ ನೀಡಿದಳು. ಸಪ್ಪಲಮ್ಮ ಬಾಯಿಗೆ ಹಾಕಿಕೊಂಡಳು, ರುಚಿ ಮಾತ್ರ ಹತ್ತಲಿಲ್ಲ.

ಸೀಟುಗಳು ಒಟ್ಟಿಗೆ ಸಿಕ್ಕಿರಲಿಲ್ಲ. ನಂದೀಶ್, ಅಕ್ಷತ ಎಲ್ಲೋ ಹಿಂದೆ. ಹದಿನಾಲ್ಕನೇ ಸಾಲಿನಲ್ಲಿ ಕಿಟಕಿಯದೊಂದು, ಅದರ ಪಕ್ಕ ಮಧ್ಯದ್ದೊಂದು. ದಾರಿಯ ಈಚೆ ಬದಿಗೆ ಇನ್ನೊಂದು. ಈಚೆಯದು ಸಪ್ಪಲಮ್ಮನಿಗೆ ಬಂತು. ಅವಳು ಚೀಲ ಮೇಲಿಡಿಸಿ ತಿರುಗುವಷ್ಟರಲ್ಲಿ ಬೀಗಿತ್ತಿ ಕಿಟಕಿಯಲ್ಲಿ ಕೂತಾಗಿತ್ತು, ಮಗು ಮಧ್ಯದಲ್ಲಿ. ನೋಡು ನೋಡು, ಎರಡು ಸಲ ಹಾರಿದವಳಿಗೆ ಇನ್ನೂ ಕಿಟಕಿಯ ಆಸೆ, ಮಗುವಿಗೆ ಬಿಟ್ಟುಕೊಡಬಾರದಾಗಿತ್ತೇ ಅಂತ ಸಪ್ಪಲಮ್ಮ ಹಲ್ಲು ಕಡಿದಳು. ಮಗುವಿನ ಈಚೆ ಪಕ್ಕಕ್ಕೆ, ದಾರಿಯ ಆಚೆ ಅಂಚಿಗೆ, ಗಡ್ಡ ಬಿಟ್ಟ ಒಬ್ಬ ಹುಡುಗ ಬಂದು ಕೂತ. ಮೂವತ್ತರ ಒಳಗಿನವನು. ಕೂತವನೇ ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿದ, ತಟ್ಟೆಯಷ್ಟಗಲದ ಟ್ಯಾಬ್ ಒಂದನ್ನು ಮುಂದಿನ ಸೀಟಿಗೆ ಒರಗಿಸಿದ.

ವಿಮಾನ ಎದ್ದಾಗ ಸಪ್ಪಲಮ್ಮ ಕಣ್ಣು ಮುಚ್ಚಿ ಆಂಜನೇಯನನ್ನು ನೆನೆದಳು. ತೆರೆದಾಗ ಬೀಗಿತ್ತಿ ಮಗುವನ್ನು ತಬ್ಬಿಕೊಂಡು ಕಿಟಕಿಯಾಚೆ ಬೆರಳು ತೋರಿಸುತ್ತಿದ್ದಳು. "ಅಲ್ನೋಡು ಮಗಾ, ಶಿವಗಂಗೆ ಬೆಟ್ಟ." ಯಾವ ಶಿವಗಂಗೆಯೋ. ನಂದಿ ಬೆಟ್ಟವೇ ಇರಬೇಕು, ಈ ಹೆಂಗಸಿಗೆ ಜಗತ್ತಿನ ಬೆಟ್ಟವೆಲ್ಲ ತನ್ನ ನೆಲಮಂಗಲ ತಾಲ್ಲೂಕಿನದೇ. ಮಗು ಹೌದಾ ಹೌದಾ ಅಂತ ನಗುತ್ತಿತ್ತು. ಸಪ್ಪಲಮ್ಮನಿಗೆ ಕಂಡದ್ದು ಆ ನಗುವಿನ ಹಿಂಬದಿ, ಬೆಳಿಗ್ಗೆ ತಾನೇ ಹೆಣೆದ ಎರಡು ಜಡೆ.

ಒಂದು ಗಂಟೆ ಕಳೆದಿರಬೇಕು. ವರಲಕ್ಷ್ಮಮ್ಮ ನಸುಕಿಗೇ ಎದ್ದು ತ್ಯಾಮಗೊಂಡ್ಲಿನಿಂದ ಹೊರಟವಳು, ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಸಪ್ಪಲಮ್ಮ ಅದನ್ನು ತೃಪ್ತಿಯಿಂದ ನೋಡಿದಳು. ಹಾಗೇ ಅವಳ ಕಣ್ಣು ಗಡ್ಡದ ಹುಡುಗನ ಟ್ಯಾಬಿನ ಮೇಲೆ ಬಿತ್ತು.

ಮೊದಲು ಬಂದೂಕು, ರಕ್ತ. ಒಬ್ಬನ ಕತ್ತು ಕೊಯ್ಯುವುದನ್ನು ಹತ್ತಿರದಿಂದ ತೋರಿಸಿದರು. ಆಮೇಲೆ ಒಂದು ಕೋಣೆ, ಒಬ್ಬ ಗಂಡಸು, ಒಬ್ಬ ಹೆಂಗಸು. ಅವರು ಬಟ್ಟೆ ಕಳಚುವುದಕ್ಕೆ ಶುರು ಮಾಡಿದಾಗ ಈಗ ಮುಗಿಯುತ್ತದೆ, ಈಗ ದೀಪ ಆರಿಸುತ್ತಾರೆ ಅಂದುಕೊಂಡಳು. ಯಾರೂ ಆರಿಸಲಿಲ್ಲ. ಸಪ್ಪಲಮ್ಮನ ಕಿವಿ ಬಿಸಿಯಾಯಿತು. ಹುಡುಗ ಕಡಲೆಕಾಯಿ ತಿನ್ನುತ್ತ ಆರಾಮಾಗಿ ನೋಡುತ್ತಿದ್ದ. ಅವನ ಮೊಣಕೈಗೆ ತಾಗಿಕೊಂಡ ಹಾಗೆ, ಆ ಬೆಳಕು ಮುಖಕ್ಕೆ ಬೀಳುವ ಹಾಗೆ, ಕೀರ್ತನ ಕೂತಿತ್ತು.

ಮಗು ನೋಡುತ್ತಿತ್ತು.

ಈಗ ಸಪ್ಪಲಮ್ಮ ಮಾಡಬೇಕಾಗಿದ್ದದ್ದು ಇಷ್ಟೇ. ಕೈ ಚಾಚಿದರೆ ಹುಡುಗನ ಭುಜ. ತಟ್ಟಿ, "ಏನಪ್ಪಾ, ಮಗು ಐತೆ ಪಕ್ಕದಲ್ಲಿ" ಅಂದರೆ ಮುಗಿಯಿತು. ಅವಳ ಕೈ ಎದ್ದಿತ್ತು ಕೂಡ. ಅಷ್ಟರಲ್ಲಿ ಅವಳ ತಲೆಯಲ್ಲಿ ಇನ್ನೊಂದು ಯೋಚನೆ ಬಂತು, ಬಂದದ್ದೇ ಸಿಹಿಯಾಗಿ ಬಂತು. ಮಗು ಯಾರ ಪಕ್ಕದಲ್ಲಿದೆ? ಯಾರ ವಶದಲ್ಲಿದೆ? ಎಲ್ಲ ಬಲ್ಲ ಮಹಾತಾಯಿ, ಅಡಿಕೆಯನ್ನೂ ಮನೆಯಲ್ಲೇ ಕತ್ತರಿಸಿ ತರುವಷ್ಟು ಮುಂದಾಲೋಚನೆಯವಳು, ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಾಳೆ. ಮಗು ನೋಡಬಾರದ್ದನ್ನು ನೋಡುತ್ತಿದೆ. ಇದು ಸಣ್ಣ ತಪ್ಪಲ್ಲ. ಆದರೆ ತಾನು ಈಗಲೇ ತಡೆದುಬಿಟ್ಟರೆ ತಪ್ಪು ಆಗುವುದೇ ಇಲ್ಲವಲ್ಲ. ಇನ್ನೊಂದು ಚೂರು ಆಗಲಿ.

ಬೀಗರ ತಪ್ಪನ್ನು ಬೀಗರ ಮುಖಕ್ಕೆ ಹೇಳುವ ಪದ್ಧತಿ ಅವರ ಕಡೆ ಇಲ್ಲ. ಗಂಡಿನ ತಾಯಿ ಮಗನಿಗೆ ಹೇಳಬೇಕು, ಮಗ ಹೆಂಡತಿಗೆ ಹೇಳಬೇಕು, ಅವಳು ತವರಿಗೆ ಮುಟ್ಟಿಸಬೇಕು. ಹಾಗೆ ಮೂರು ಬಾಯಿ ದಾಟುವಾಗ ಮಾತಿನ ಮೊನೆ ಮೊಂಡಾಗಲಿ ಅಂತ ಹಿರಿಯರು ಮಾಡಿದ್ದು. ಸಪ್ಪಲಮ್ಮ ಈಗ ಆ ಪದ್ಧತಿಯನ್ನೇ ನೆಪ ಮಾಡಿಕೊಂಡಳು. ನಾನೇನು ಹೇಳಲಿ, ಇಳಿದ ಮೇಲೆ ನಂದೀಶನಿಗೆ ಹೇಳುತ್ತೇನೆ ಅಂದುಕೊಂಡಳು. ಏನು ಹೇಳಬೇಕೆಂದು ಒಂದೊಂದೇ ಮಾತು ಜೋಡಿಸಿದಳು. "ನಿಮ್ಮತ್ತೆ ಪಕ್ಕ ಕೂರಿಸಿದ್ದಕ್ಕೆ ಮಗು ಏನೇನು ನೋಡ್ತು ಗೊತ್ತೇನಪ್ಪ?" ವಾಪಸು ಬರುವಾಗ ಮಗು ತನ್ನ ಪಕ್ಕ. ಇನ್ನು ಮುಂದೆ ಬೇಸಿಗೆ ರಜೆಗೆ ತ್ಯಾಮಗೊಂಡ್ಲಿಗೆ ಕಳಿಸುವುದೂ ಯೋಚನೆ ಮಾಡಬೇಕಾದ ವಿಷಯ. ಅವಳ ಕೈ ತಾನಾಗಿ ಮಡಿಲಿಗೆ ಇಳಿಯಿತು.

ಆಗ ಕೀರ್ತನ ತಿರುಗಿ ಅವಳನ್ನು ನೋಡಿತು.

ಹುಡುಗನ ಎದೆಯ ಮುಂದಿನಿಂದ ಕತ್ತು ಚಾಚಿ ನೋಡಿತು. ಅಳುವ ಮುಖವಲ್ಲ, ನಗುವ ಮುಖವಲ್ಲ. ಬೀದಿಯಲ್ಲಿ ನಾಯಿ ಅಡ್ಡ ಬಂದಾಗ ಮುಂದೆ ಹೋಗಲೋ ನಿಲ್ಲಲೋ ಅಂತ ಅಜ್ಜಿಯ ಮುಖ ನೋಡುತ್ತಿತ್ತಲ್ಲ, ಆ ನೋಟ. ಸಪ್ಪಲಮ್ಮ ಸರಕ್ಕನೆ ಮುಂದಿನ ಸೀಟಿನ ಚೀಲದಿಂದ ಪುಸ್ತಕ ತೆಗೆದು ಅದರಲ್ಲಿದ್ದ ವಾಚುಗಳ ಚಿತ್ರ ನೋಡತೊಡಗಿದಳು. ಓರೆಗಣ್ಣಿಗೆ ಮಗು ಎರಡನೇ ಸಲ ತಿರುಗಿದ್ದು ಕಾಣಿಸಿತು. ಮೂರನೇ ಸಲ ತಿರುಗಿದಾಗ ಅವಳು ಪೂರ್ತಿ ಇನ್ನೊಂದು ಕಡೆಗೆ ಮುಖ ಹೊರಳಿಸಿ, ಪಕ್ಕದ ಸೀಟಿನವರ ನೀರಿನ ಬಾಟಲಿಯನ್ನು ದಿಟ್ಟಿಸುತ್ತ ಕೂತಳು. ಎಲೆಅಡಿಕೆ ಒಂದು ಸುತ್ತು ಅಗಿಯುವಷ್ಟು ಹೊತ್ತು ಹೀಗೆ ಹೋಯಿತು. ಹೆಚ್ಚೇ ಇರಬೇಕು.

ಮತ್ತೆ ತಿರುಗಿದಾಗ ಮಗು ತ್ಯಾಮಗೊಂಡ್ಲು ಅಜ್ಜಿಯ ಸೆರಗೆಳೆದು ತನ್ನ ಮುಖಕ್ಕೆ ಮುಚ್ಚಿಕೊಂಡಿತ್ತು. ಸೆರಗು ಎಳೆದದ್ದಕ್ಕೆ ವರಲಕ್ಷ್ಮಮ್ಮನಿಗೆ ಎಚ್ಚರವಾಯಿತು. ಮಗುವನ್ನು ನೋಡಿದಳು, ಟ್ಯಾಬನ್ನು ನೋಡಿದಳು. ಈಗ ಜಗಳ ಶುರು, ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತದೆ ಅಂತ ಸಪ್ಪಲಮ್ಮ ನೆಟ್ಟಗೆ ಕೂತಳು.

ಜಗಳ ಆಗಲಿಲ್ಲ. ವರಲಕ್ಷ್ಮಮ್ಮ ಮಗುವಿನ ತಲೆಯ ಮೇಲಿಂದ ಕೈ ಚಾಚಿ ಹುಡುಗನ ಭುಜ ಮೆಲ್ಲಗೆ ತಟ್ಟಿದಳು. ಅವನು ಹೆಡ್‌ಫೋನ್ ಸರಿಸಿದ.

"ಏನಪ್ಪಾ, ಕನ್ನಡದೋನಾ? ಯಾವೂರು?"

"ಹೊಸಕೋಟೆ ಆಂಟಿ."

"ಹೊಸಕೋಟೇಲಿ ಯಾರ ಪೈಕಿ?"

ವಿಮಾನ ಮೋಡದ ಮೇಲಿದೆ, ಈ ಹೆಂಗಸು ಪೈಕಿ ವಿಚಾರಿಸುತ್ತಿದ್ದಾಳೆ. ಹುಡುಗ ಪಾಪ, ತಬ್ಬಿಬ್ಬಾಗಿ ಹೇಳಿದ. ಹೆಸರು ಅಂಜನ್. ತಂದೆ ಗೋಪಾಲಪ್ಪ. ತಾತ ಮುನಿವೆಂಕಟಪ್ಪ, ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದವರು.

"ಗೂಡಿನ ಮುನಿವೆಂಕಟಪ್ಪನೋರ ಮೊಮ್ಮಗನಾ? ನಿಮ್ಮ ಸೋದರತ್ತೇನ ನಮ್ಮ ಪಕ್ಕದ ಬೀದಿಗೇ ಕೊಟ್ಟಿರೋದು. ಹಂಗಾದ್ರೆ ನಾನೂ ನಿನಗೆ ಅತ್ತೇನೇ ಆಗ್ಬೇಕು. ಇವಳು ನಮ್ಮ ಮೊಮ್ಮಗಳು, ಕೀರ್ತನ ಅಂತ. ಎರಡನೇ ಕ್ಲಾಸು."

ಅಂಜನ್ ಆಗ ಮೊದಲ ಸಲ ತನ್ನ ಪಕ್ಕದಲ್ಲಿ ಏನಿದೆ ಅಂತ ನೋಡಿದ. ಸೆರಗಿನ ಕೆಳಗೆ ಎರಡು ಜಡೆ. ಅವನ ಕಣ್ಣು ಟ್ಯಾಬಿಗೆ ಹೋಯಿತು, ಮುಖ ಗಡ್ಡದೊಳಗೇ ಕೆಂಪಾಯಿತು. ಕೈ ಹಾಕಿ ಟಪ್ಪನೆ ಬೋರಲು ಹಾಕಿದ.

"ಸಾರಿ ಅತ್ತೆ. ಸೌಂಡ್ ಇಲ್ವಲ್ಲ, ಯಾರಿಗೂ ತೊಂದ್ರೆ ಇಲ್ಲ ಅನ್ಕೊಂಡೆ. ಮಗು ಕಡೆ ನೋಡ್ಲೇ ಇಲ್ಲ ನಾನು."

"ನಿನ್ನ ವಯಸ್ಸಿಗೆ ನೀನು ನೋಡ್ತೀಯ, ಬೇಡ ಅನ್ನೋಕೆ ನಾನ್ಯಾರು. ಮನೇಲಾದ್ರೆ ಬಾಗಿಲು ಹಾಕ್ಕೊಂಡು ನೋಡ್ತೀಯ ತಾನೆ? ಇಲ್ಲಿ ಬಾಗಿಲಿಲ್ಲ ಕಣಪ್ಪ. ಕಿವಿ ಮುಚ್ಕೊಂಡಿದೀಯ ನೀನು, ಮಗು ಕಣ್ಣು ಯಾರು ಮುಚ್ತಾರೆ?" ಇಷ್ಟು ಹೇಳಿ ಆಕೆ ಡಬ್ಬ ತೆಗೆದು ಅವನ ಕೈಗೆ ಎರಡು ಕೋಡುಬಳೆ ಇಟ್ಟಳು. "ತಿನ್ನು. ಬೇಜಾರು ಮಾಡ್ಕೋಬೇಡ."

ಅವನು ಕೋಡುಬಳೆ ತಿಂದ. ಇನ್ನು ಆ ಟ್ಯಾಬನ್ನು ಅವನು ತೆರೆಯುವುದು ಕನಸಿನ ಮಾತು, ಅತ್ತೆ ಕೊಟ್ಟ ಕೋಡುಬಳೆ ಕೈಯಲ್ಲಿ ಹಿಡಿದುಕೊಂಡು ಯಾವ ಗಂಡುಮಗನೂ ಅಂಥದ್ದು ನೋಡಲಾರ. ಅಲ್ಲಿಂದ ಮುಂದೆ ಅವನು ಮಗುವಿಗೆ ಕಾಗದದಲ್ಲಿ ಕಪ್ಪೆ ಮಾಡಿಕೊಟ್ಟ. ನೀರು ಕೊಡಲು ಬಂದ ಹುಡುಗಿ ವರಲಕ್ಷ್ಮಮ್ಮನನ್ನು ನೋಡಿ ನಕ್ಕು, ಕೀರ್ತನಳ ಕೈಗೆ ಒಂದು ಚಾಕೊಲೇಟು ಹಾಕಿದಳು.

ಸಪ್ಪಲಮ್ಮ ವಾಚುಗಳ ಪುಸ್ತಕವನ್ನು ಸೀಟಿನ ಚೀಲಕ್ಕೆ ತುರುಕಿದಳು. ತಪ್ಪು ಮಾಡಿದವಳೂ ಬೀಗಿತ್ತಿಯೇ, ಮೆಚ್ಚುಗೆ ಪಡೆದವಳೂ ಅವಳೇ. ಇದನ್ನು ಏನು ನ್ಯಾಯ ಅನ್ನಬೇಕು? ಈ ಉರಿಯಲ್ಲಿ ಅವಳಿಗೆ ಇನ್ನೊಂದು ವಿಷಯ ಮನಸ್ಸಿಗೆ ಬರಲೇ ಇಲ್ಲ. ಮಗು ಆಮೇಲೆ ಒಂದು ಸಲವೂ ಅವಳ ಕಡೆ ತಿರುಗಿರಲಿಲ್ಲ.

ಕಾಶಿಯಲ್ಲಿ ಇಳಿದು ಸಾಮಾನು ಹೊತ್ತು ಸುತ್ತುವ ಪಟ್ಟಿಯ ಹತ್ತಿರ ಎಲ್ಲರೂ ಸೇರಿದರು. ಸಪ್ಪಲಮ್ಮ ಜೋಡಿಸಿಟ್ಟಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಮಗನ ತೋಳು ಹಿಡಿದು ಪಕ್ಕಕ್ಕೆ ಎಳೆಯುವಷ್ಟರಲ್ಲಿ ವರಲಕ್ಷ್ಮಮ್ಮನೇ ಎಲ್ಲರ ಮುಂದೆ ಶುರು ಮಾಡಿದಳು.

"ನನ್ನಿಂದ ಒಂದು ತಪ್ಪಾಯ್ತು ಅಳಿಯಂದಿರೇ." ನಡೆದದ್ದನ್ನು ಒಂದೂ ಬಿಡದೆ ಹೇಳಿದಳು, ತನ್ನ ನಿದ್ದೆಯನ್ನೂ ಸೇರಿಸಿ. "ವಯಸ್ಸಾಯ್ತು, ಕೂತಲ್ಲೇ ಜೋಂಪು ಹತ್ತುತ್ತೆ. ಕಿಟಕಿ ನೀನೇ ಕೂತ್ಕೋ ಮಗಾ ಅಂದೆ, ಕೇಳ್ಲಿಲ್ಲ. ಮಧ್ಯ ಕೂತ್ರೆ ಆ ಕಡೆ ನಮ್ಮಜ್ಜಿನೂ ಕಾಣುತ್ತೆ ಅಂತ ಅಲ್ಲೇ ಕೂತ್ಕೊಂಡ್ಳು. ನಾನಾದ್ರೂ ಎಚ್ಚರ ಇರ್ಬೇಕಿತ್ತು. ಬರೋವಾಗ ಬೀಗರು ಮಗು ಪಕ್ಕ ಕೂತ್ಕೊಳ್ಳಿ. ಅವರ ಕಣ್ಣಿಗೆ ಬಿದ್ದಿದ್ರೆ ಅವರು ಒಂದು ಗಳಿಗೆ ಬಿಡ್ತಿದ್ರಾ?"

ಸಪ್ಪಲಮ್ಮ ಮಗನ ತೋಳು ಬಿಟ್ಟಳು.

ನಂದೀಶ್ ಅವಳ ಕಡೆ ತಿರುಗಿದ. "ಅಮ್ಮ, ನೀನು ಈಚೆ ಪಕ್ಕದಲ್ಲೇ ಇದ್ಯಲ್ಲ. ನಿನಗೆ ಕಾಣಿಸ್ಲಿಲ್ವಾ?"

ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಬಂತು.

"ಅಜ್ಜಿ ನೋಡ್ಲಿಲ್ಲಪ್ಪ," ಅಂದಿತು ಕೀರ್ತನ. "ಅಜ್ಜಿ ನಿದ್ದೆ ಮಾಡ್ತಿತ್ತು."

ತಡವರಿಸದೆ ಹೇಳಿತು. ಏಳು ವರ್ಷದಲ್ಲಿ ಆ ಮಗು ಕದ್ದು ತಿಂದ ಬೆಲ್ಲವನ್ನೂ ತಿನ್ನಲಿಲ್ಲ ಅಂದದ್ದಿಲ್ಲ. ಸಿಕ್ಕಿಹಾಕಿಕೊಂಡರೆ ಅಳುತ್ತಿತ್ತು, ಸುಳ್ಳು ಬರುತ್ತಿರಲಿಲ್ಲ. ಈಗ ಸುಳ್ಳು ಹೇಳಿ ಬಂದು ಸಪ್ಪಲಮ್ಮನ ಕೈ ಹಿಡಿದುಕೊಂಡಿತು. ಚಾಕೊಲೇಟು ಮೆತ್ತಿದ ಅಂಟು ಅಂಟು ಕೈ. ಅವಳನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿತು, "ನಾನು ಯಾರಿಗೂ ಹೇಳಲ್ಲ ಅಜ್ಜಿ."

ಸುಮ್ಮನಿದ್ದಿದ್ದರೆ ಎಲ್ಲ ಸಿಗುತ್ತಿತ್ತು. ಮಗುವಿನ ಪಕ್ಕದ ಸೀಟು ಸಿಕ್ಕಾಗಿತ್ತು, ಬೀಗಿತ್ತಿಯೇ ತನ್ನ ಬಾಯಿಂದ ತಪ್ಪೊಪ್ಪಿಕೊಂಡಿದ್ದಳು, ಮಗುವೇ ಬಂದು ಕೈ ಹಿಡಿದಿತ್ತು. ಗಂಗೆಯ ಸ್ನಾನಕ್ಕೂ ಮೊದಲೇ ಕಾಶಿಯಾತ್ರೆಯ ಫಲ ಕೈಗೆ ಬಂದಿತ್ತು. ಸಪ್ಪಲಮ್ಮ ಆ ಸಣ್ಣ ಮುಖ ನೋಡಿದಳು. ಅಜ್ಜಿಯನ್ನು ಕಾಪಾಡಿದೆ ಅನ್ನುವ ಹೆಮ್ಮೆ ಅದರಲ್ಲಿತ್ತು, ಮೂರು ಸಲ ಕರೆದರೂ ಅಜ್ಜಿ ಬರಲಿಲ್ಲ ಅನ್ನುವುದೂ ಇತ್ತು. ಟ್ಯಾಬಿನಲ್ಲಿ ಕಂಡದ್ದನ್ನು ಮಗು ನಾಳೆ ಮರೆಯಬಹುದು. ಇದನ್ನು ಮರೆಯುತ್ತದೆಯೇ? ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನೋಡ್ದೆ," ಅಂದಳು.

ಮಗನಿಗೆ ಹೇಳಲಿಲ್ಲ. ಸೊಸೆಗೂ ಅಲ್ಲ. ನೇರ ವರಲಕ್ಷ್ಮಮ್ಮನ ಮುಖ ನೋಡಿ ಹೇಳಿದಳು, ಅವಳ ವಂಶದಲ್ಲಿ ಯಾವ ಗಂಡಿನ ತಾಯಿಯೂ ಹಾಗೆ ಹೇಳಿರಲಿಕ್ಕಿಲ್ಲ. "ಮಗು ಸುಳ್ಳು ಹೇಳ್ತಾ ಐತೆ. ನಾನು ಮೊದ್ಲಿಂದ ನೋಡ್ದೆ ಬೀಗರೇ. ಮಗು ಮೂರು ಸತಿ ನನ್ನ ಕಡೆ ನೋಡ್ತು. ನಾನು ಮುಖ ತಿರುಗಿಸ್ಕೊಂಡೆ."

"ಯಾಕಮ್ಮಾ?" ಅಂದ ನಂದೀಶ್. ಅವನಿಗೆ ಅರ್ಥವೇ ಆಗಿರಲಿಲ್ಲ.

"ನಿಮ್ಮತ್ತೆ ತಪ್ಪು ಮಾಡ್ಲಿ ಅಂತ. ಇಳಿದ ಮೇಲೆ ನಿನಗೆ ಚಾಡಿ ಹೇಳಾಣ ಅಂತ. ಹೊಟ್ಟೆಕಿಚ್ಚು ಕಣಪ್ಪ."

ಅಕ್ಷತ ಅತ್ತೆಯ ಮುಖ ನೋಡಲಾರದೆ ಪಟ್ಟಿಯ ಮೇಲೆ ಸುತ್ತುತ್ತಿದ್ದ ಸೂಟ್‌ಕೇಸುಗಳನ್ನು ನೋಡಿದಳು. ತಮ್ಮದು ಎದುರಿಗೇ ಬಂದು ಹೋಯಿತು, ಯಾರೂ ಎತ್ತಿಕೊಳ್ಳಲಿಲ್ಲ. ವರಲಕ್ಷ್ಮಮ್ಮ ಬೈದಿದ್ದರೆ ಸಪ್ಪಲಮ್ಮನಿಗೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಬೀಗರೇ ಅಂತ ಕರೆಯಲೂ ಇಲ್ಲ.

"ಬಾ ಮಗಾ," ಅಂತ ಮಗುವಿಗೆ ಕೈ ನೀಡಿದಳು.

ಕೀರ್ತನ ಹೋಗಲಿಲ್ಲ. ಸಪ್ಪಲಮ್ಮನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು, ಅವಳ ಸೀರೆಗೆ ಒತ್ತಿಕೊಂಡು ನಿಂತಿತು. ಆ ಅಜ್ಜಿ ಕರೆದಾಗ ಈ ಅಜ್ಜಿಯ ಕೈ ಬಿಡದೆ ನಿಂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಸಪ್ಪಲಮ್ಮ ಬಗ್ಗಿ, ಆ ಅಂಟು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಹೋಗವ್ವ," ಅಂದಳು. "ಅಜ್ಜಿ ಕರೀತಾವ್ರೆ."